ಮಣಿಕಟ್ಟಿನೆತ್ತರದ ಬೆಂಚು

ಫೆಬ್ರವರಿ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಕೆಂಪಿರುವೆಯ ನಮಸ್ಕಾರ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬೈಯುವುದೇ ಆದರೆ ಇದನ್ನು ಪೂರ್ತಿ ಓದಿದ ಮೇಲೆ ಬೈ. ಭಾವನ ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳಲು ಒಲ್ಲೆ ಅನ್ನುತ್ತಾರೆಂದು ಬರೆದಿದ್ದೆ. ಗಂಡಸರ ಹಣೆಬರಹವೇ ಅಷ್ಟು, ಹಚ್ಚುವವರು ಇರುವವರೆಗೂ ಒಲ್ಲೆ ಅನ್ನುತ್ತಾರೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಮಾಡಬಹುದಿತ್ತು. ಆದರೆ ಇವರು ನಿವೃತ್ತರಾಗಿ ಮನೆ ಸೇರಿದ ಮೇಲೆ ನಮ್ಮ ಮನೆಯ ಗೋಡೆಗಳಿಗೆಲ್ಲ ಕಿವಿ ಮೂಡಿವೆ. ಈಗ ಹೇಳುವ ವಿಷಯ ಆ ಕಿವಿಗೆ ಬೀಳಬಾರದು. ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ನೆಲದ ಮೇಲೆ ಕೂತು, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ. ಇವರಿಗೆ ಯಾರೋ ಇದ್ದಾಳೆ.

ನಗಬೇಡ. ಈ ವಯಸ್ಸಿನಲ್ಲಾ ಎಂದು ಮೂಗಿನ ಮೇಲೆ ಬೆರಳಿಡಬೇಡ. ಮಗಳಿಗೆ ಹೇಳಿದರೆ "ಅಮ್ಮಾ, ನಿನ್ನ ಅನುಮಾನಕ್ಕೆ ಮದ್ದಿಲ್ಲ" ಎಂದು ಫೋನ್ ಇಡುತ್ತಾಳೆ. ಅದಕ್ಕೇ ಅವಳಿಗೆ ಹೇಳಿಲ್ಲ. ನಡೆದದ್ದನ್ನು ನಡೆದ ಹಾಗೆ ನಿನಗೆ ಬರೆಯುತ್ತೇನೆ, ನೀನೇ ತೀರ್ಮಾನ ಮಾಡು.

ನಮ್ಮ ಹಿತ್ತಲಿನ ಶೆಡ್ಡು ನಿನಗೆ ನೆನಪಿರಬೇಕು. ಮುರಿದ ಸೈಕಲ್ಲು, ಹಳೆಯ ಟ್ರಂಕು, ಯಾವತ್ತಾದರೂ ಬೇಕಾದೀತೆಂದು ಇಟ್ಟ ಖಾಲಿ ಡಬ್ಬಗಳು. ಒಂದು ಬೆಳಿಗ್ಗೆ ಇವರು ಕಾಫಿ ಕುಡಿಯುತ್ತಾ, "ಶೆಡ್ ಖಾಲಿ ಮಾಡ್ತೀನಿ ಕಣೆ, ಮರಗೆಲಸಕ್ಕೆ ಒಂದು ಜಾಗ ಮಾಡ್ಬೇಕು" ಎಂದರು. ನನಗೆ ಕಾಫಿ ನೆತ್ತಿಗೇರಿತು. ಅಲ್ಲ ಅಕ್ಕ, ಇವರು! ಕಾರ್ಖಾನೆಯಲ್ಲಿ ಇಷ್ಟು ವರ್ಷ ಇವರು ಮಾಡಿದ್ದು ಸುರಕ್ಷತೆ ನೋಡಿಕೊಳ್ಳುವ ಕೆಲಸ. ಯಂತ್ರಕ್ಕೆ ಕೈ ಕೊಡಬೇಡ, ತೋಳು ಮಡಚಿಕೋ, ಕನ್ನಡಕ ಹಾಕಿಕೋ ಎಂದು ಊರವರಿಗೆಲ್ಲ ಹೇಳುತ್ತಾ ತಿರುಗಿದವರೇ ಹೊರತು ತಾವು ಒಂದು ಸ್ಕ್ರೂ ತಿರುಗಿಸಿದವರಲ್ಲ. ಕ್ಯಾಲೆಂಡರಿಗೆ ಮೊಳೆ ಹೊಡೆಯಲು ಹೋಗಿ ಗೋಡೆಯ ಗಾರೆ ಉದುರಿಸಿದ ಮಹಾನುಭಾವರು.

"ನಿಮಗೂ ಮರಕ್ಕೂ ಏನ್ರೀ ಸಂಬಂಧ?" ಎಂದೆ.

"ಇನ್ಮೇಲೆ ಆಗುತ್ತೆ ಬಿಡು" ಎಂದು ಲೋಟ ಎತ್ತಿಕೊಂಡು ಎದ್ದುಹೋದರು.

ನನಗೆ ಮೊದಲ ಮುಳ್ಳು ಚುಚ್ಚಿದ್ದು ಅಲ್ಲೇ. ನಾವಿಬ್ಬರೂ ಬಡಗಿಯ ಮಕ್ಕಳು, ಆದರೂ ಅಪ್ಪನ ಅಂಗಡಿ ಬಿಟ್ಟ ಮೇಲೆ ನಾನು ಮರದ ಹೊಟ್ಟಿನ ವಾಸನೆ ಅಂದರೆ ಮಾರುದೂರ. ಆ ವಾಸನೆಗೆ ಸೀನು ಬರುತ್ತದೆ, ತಲೆ ಸಿಡಿಯುತ್ತದೆ ಎಂದು ಇವರಿಗೆ ಮದುವೆಯಾದಾಗಿನಿಂದ ಹೇಳಿದ್ದೇನೆ. ಗೊತ್ತಿದ್ದೂ ಮನೆಯ ಹಿಂದೆಯೇ ಅದನ್ನು ತಂದಿಡುತ್ತೇನೆ ಅಂದರೆ ಏನರ್ಥ? ನಾನು ಆ ಕಡೆ ತಲೆ ಹಾಕಬಾರದು ಅಂತ ತಾನೆ!

ಸರಿ, ಕೆಲಸ ಶುರುವಾಯಿತು. ಎಲೆಕ್ಟ್ರಿಷಿಯನ್ ಬಂದ, ಶೆಡ್ಡಿಗೇ ಬೇರೆ ಲೈನು ಎಳೆದ. ಗರಗಸದ ಯಂತ್ರಕ್ಕೆ ಅಂಗೈಯಗಲದ ಕೆಂಪು ಗುಂಡಿ. ಎರಡೂ ಕೈಯಲ್ಲಿ ಮರ ಹಿಡಿದಿದ್ದರೂ ಮೊಣಕಾಲಲ್ಲಿ ಒತ್ತಿದರೆ ಯಂತ್ರ ನಿಲ್ಲಬೇಕಂತೆ. ವೈರು ಒಂದೂ ನೆಲದ ಮೇಲೆ ಹರಿದಾಡಬಾರದು, ಎಲ್ಲಾ ಗೋಡೆಯ ಮೇಲಿಂದ. ಹೊಟ್ಟು ಹೀರಿಕೊಳ್ಳಲು ಒಂದು ಯಂತ್ರ, ಅದು ಸಾಲದೆಂದು ಕಿಟಕಿಗೆ ಗಾಳಿ ಹೊರಗೆ ತಳ್ಳುವ ಫ್ಯಾನು. "ಸೀನು ಬರಬಾರದು ನೋಡು" ಅಂದವರು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ಬಾಗಿಲ ಪಕ್ಕ ಬೆಂಕಿ ಆರಿಸುವ ಸಿಲಿಂಡರು ಬಂತು, ಅಂಟು ಪಾಲಿಶ್ ಇಡಲು ಕಬ್ಬಿಣದ ಬೀರು ಬಂತು, ಗಾಯಕ್ಕೆ ಔಷಧದ ಡಬ್ಬಿಯೂ ಬಂತು. ನ್ಯಾಯವಾಗಿ ಒಂದು ಮಾತು ಹೇಳಬೇಕು, ಅಪ್ಪನ ಅಂಗಡಿ ಹೀಗಿದ್ದಿದ್ದರೆ ಅಪ್ಪನ ಹೆಬ್ಬೆರಳು ಉಳಿಯುತ್ತಿತ್ತು.

ಆಮೇಲೆ ನೆಲಕ್ಕೆ ದಪ್ಪನೆಯ ರಬ್ಬರ್ ಹಾಸು ಬಂತು. "ಸಿಮೆಂಟ್ ಮೇಲೆ ನಿಂತ್ರೆ ಹಿಮ್ಮಡಿ ನೋಯುತ್ತೆ" ಎಂದರು. ಯಾರ ಹಿಮ್ಮಡಿ? ಇವರ ಹಿಮ್ಮಡಿ ಕಲ್ಲಿದ್ದ ಹಾಗಿದೆ. ಹಿಮ್ಮಡಿ ನೋವಿನಲ್ಲಿ ಒದ್ದಾಡುವುದು ನಾನು, ಅಡುಗೆಮನೆಗೆ ಒಂದು ಹಾಸು ತನ್ನಿ ಅಂತ ಕೇಳಿ ಕೇಳಿ ಬಾಯಿ ಬಿದ್ದುಹೋಗಿದೆ. ಈಗ ಯಾವಳದೋ ಹಿಮ್ಮಡಿಗೆ ರಬ್ಬರ್!

ಯಾವಳದೋ ಎಂದು ಸುಮ್ಮನೆ ಹೇಳುತ್ತಿಲ್ಲ. ಗೋಡೆಯ ಕೊಕ್ಕೆಯಲ್ಲಿ ರಕ್ಷಣೆಯ ಕನ್ನಡಕ ಎರಡು. ಒಂದು ಇವರದು. ಇನ್ನೊಂದು ಸಣ್ಣ ಮುಖದ್ದು. "ಇದ್ಯಾರಿಗ್ರೀ?" ಎಂದು ಕೇಳಿದರೆ, "ಇರ್ಲಿ ಬಿಡೆ, ಒಂದಕ್ಕೆರಡು" ಅಂದರು. ಮಾರನೆಯ ದಿನವೇ ಶೆಡ್ಡಿಗೆ ಬೀಗ ಬಿತ್ತು. "ಪೂರ್ತಿ ಆಗೋವರೆಗೂ ಒಳಗೆ ಬರ್ಬೇಡ, ಮೊಳೆ ಗಿಳೆ ಚೆಲ್ಲಿದಾವೆ" ಅಂತೆ. ಚಪ್ಪಲಿಯನ್ನೂ ಸಾಲಾಗಿ ಬಿಡುವ ಮನುಷ್ಯ ಮೊಳೆ ಚೆಲ್ಲುತ್ತಾರೆಯೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇನು?

ಇವರು ಸ್ನಾನಕ್ಕೆ ಹೋದಾಗ ಅಂಗಿಯ ಜೇಬಿನಿಂದ ಕೀಲಿ ತೆಗೆದು ಶೆಡ್ಡಿಗೆ ನುಗ್ಗಿದೆ. ಒಳಗೆ ಹೊಸ ಬೆಂಚು ಬಂದು ಕೂತಿತ್ತು.

ಅಪ್ಪ ಹೇಳುತ್ತಿದ್ದುದು ನೆನಪಿದೆಯಾ? ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಬೆಂಚಿನ ಮೇಲ್ಮೈ ಮಣಿಕಟ್ಟಿಗೆ ಬರಬೇಕು, ಇಲ್ಲದಿದ್ದರೆ ಸಂಜೆಗೆ ಸೊಂಟ ನಿನ್ನದಲ್ಲ ಎಂದು. ಇವರು ನೋಡಿದರೆ ದೀಪದ ಕಂಬ. ಆ ಬೆಂಚಿನಲ್ಲಿ ಕೆಲಸ ಮಾಡಿದರೆ ವಾರದಲ್ಲಿ ಕೊಕ್ಕೆಯಾಗುತ್ತಾರೆ. ಅದು ಇವರಿಗಾಗಿ ಮಾಡಿಸಿದ್ದೇ ಅಲ್ಲ. ಅದೂ ಹೋಗಲಿ ಅಂದರೆ, ಮರವನ್ನು ಕಚ್ಚಿ ಹಿಡಿಯುವ ವೈಸ್ ಬೆಂಚಿನ ಬಲತುದಿಗಿದೆ! ಲೋಕದಲ್ಲಿ ಎಲ್ಲರ ಬೆಂಚಿಗೂ ಎಡತುದಿಗಿರುತ್ತದೆ. ದೀಪವೂ ಬಲಗಡೆಯಿಂದ, ಉಳಿಗಳನ್ನು ಸಿಕ್ಕಿಸಿರುವುದೂ ಎಡಗೈಗೆ ಸಿಗುವ ಹಾಗೆ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಹಾಡು ಗುನುಗುತ್ತಿದ್ದ ಆ ಎಡಚ ಕೆಲಸಗಾರ ಅಪ್ಪನ ಅಂಗಡಿಗೆ ಸೇರಿದಾಗ, ಅವನಿಗೋಸ್ಕರ ಅಪ್ಪ ಒಂದು ಬೆಂಚನ್ನೇ ತಿರುಗಿಸಿ ವೈಸನ್ನು ಬಲಕ್ಕೆ ಹಾಕಿಸಿರಲಿಲ್ಲವೇ? ಥೇಟ್ ಅದೇ.

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು, ಓಡಿ ಬಂದು ಕೀಲಿಯನ್ನು ಇದ್ದಲ್ಲೇ ಇಟ್ಟೆ. ಇವರು ತಲೆ ಒರೆಸಿಕೊಳ್ಳುತ್ತಾ ಬರುವಷ್ಟರಲ್ಲಿ ನನಗೆ ಎಲ್ಲಾ ತಿಳಿದುಹೋಗಿತ್ತು. ನನ್ನ ಸವತಿ ಕುಳ್ಳಿ ಮತ್ತು ಎಡಚಿ.

ಅಂದಿನಿಂದ ಹೆಂಗಸರ ಮುಖ ನೋಡುವುದು ಬಿಟ್ಟು ಕೈ ನೋಡಲು ಶುರು ಮಾಡಿದೆ. ಎದುರುಮನೆಯ ಟೈಲರಮ್ಮ ಕುಳ್ಳಿಯೇ. ಅವಳ ಜಗಲಿಯಲ್ಲಿ ನಿಂತು ಮಾತಾಡುತ್ತಾ ಮಾತಾಡುತ್ತಾ ಇದ್ದಕ್ಕಿದ್ದಂತೆ ನಮ್ಮ ಬೀಗದ ಕೈ ಗೊಂಚಲನ್ನು ಅವಳತ್ತ ಎಸೆದೆ. ಬಲಗೈಯಲ್ಲಿ ಹಿಡಿದಳು. "ಏನಮ್ಮ ಇದು, ಕಣ್ಣಿಗೆ ಬಿದ್ದಿದ್ರೆ ಏನು ಗತಿ?" ಎಂದು ರೇಗಿದಳು. ಪಾಪ, ಇವಳಲ್ಲ ಎಂದು ಮನಸ್ಸಿಗೆ ಸಮಾಧಾನವಾಗಿ ಅವಳ ಹತ್ತಿರ ಒಂದು ದಿಂಬಿನ ಚೀಲ ಹೊಲಿಸಿಕೊಂಡು ಬಂದೆ.

ಮುಖ್ಯರಸ್ತೆಯ ತಿರುವಿನಲ್ಲಿ ಹಾರ್ಡ್‌ವೇರ್ ಅಂಗಡಿಯಿದೆ. ಗಂಡ ತೀರಿಕೊಂಡ ಮೇಲೆ ಅವನ ಹೆಂಡತಿಯೇ ನಡೆಸುತ್ತಾಳೆ. ನಿನ್ನೆ ಒಂದು ಚಿಲಕ ಬೇಕೆಂಬ ನೆಪ ಮಾಡಿಕೊಂಡು ಹೋದೆ. ಗಲ್ಲಾಪೆಟ್ಟಿಗೆಯ ಹಿಂದೆ ಸ್ಟೂಲಿನ ಮೇಲೆ ಕೂತಿದ್ದಳು, ಇಳಿದು ನಿಂತರೆ ಕೌಂಟರಿನ ಆಚೆ ತಲೆ ಮಾತ್ರ ಕಾಣುತ್ತದೆ. ಚಿಲಕ ಕೊಟ್ಟು ಬಿಲ್ಲು ಬರೆದಳು. ಎಡಗೈಯಲ್ಲಿ ಬರೆದಳು, ಅಕ್ಕ!

"ನೀವು ಆ ಸುರಕ್ಷತೆ ಸಾರ್ ಮನೆಯವ್ರಲ್ವಾ? ದಿನಾ ಬರ್ತಾರೆ. ಎಷ್ಟು ಒಳ್ಳೆ ಮನುಷ್ಯ ಅಂತೀನಿ" ಎಂದು ಹಲ್ಲು ಬಿಟ್ಟಳು.

ದಿನಾ! ಚಿಲಕವನ್ನು ಅಲ್ಲೇ ಬಿಟ್ಟು ಬಂದೆ.

ಇನ್ನು ಈ ಮನೆಯಲ್ಲಿ ನನಗೇನಿದೆ? ಹಿತ್ತಲಿನಲ್ಲಿ ಅವಳು ಉಳಿ ಹಿಡಿದು ನಿಲ್ಲುವುದು, ಇಲ್ಲಿ ನಾನು ಸೌಟು ಹಿಡಿದು ನಿಲ್ಲುವುದು, ಆಗದ ಮಾತು. ನಿನ್ನ ಮಾಳಿಗೆಯ ಕೋಣೆ ಖಾಲಿಯಿದೆಯಾ? ಭಾವನನ್ನೊಂದು ಮಾತು ಕೇಳಿ ಬೇಗ ಬರೆ. ಇವರಿಗೆ ಒಂದು ಮಾತೂ ಹೇಳದೆ ಬಂದುಬಿಡುತ್ತೇನೆ. ಈ ಭೂಮಿಯ ಮೇಲೆ ನನ್ನವರು ಅಂತ ಇರುವುದು ನೀನೊಬ್ಬಳೇ.

ನಿನ್ನ ತಂಗಿ,
ಕೆಂಪಿರುವೆ


ಫೆಬ್ರವರಿ ೨೧, ಶುಕ್ರವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಿನ್ನ ಉತ್ತರ ಬಂತು. "ಕೋಣೆ ಗುಡಿಸಿಟ್ಟಿದ್ದೇನೆ, ಹೊರಟು ಬಾ, ಹೆತ್ತವರು ಹೋದ ಮೇಲೆ ನಿನಗೆ ನಾನು, ನನಗೆ ನೀನು" ಎಂದು ಬರೆದಿದ್ದೀಯ. ಓದಿ ಅತ್ತುಬಿಟ್ಟೆ. ನಿನಗೆ ಬರೆದ ದಿನವೇ ಬ್ಯಾಗು ತುಂಬಿ ಮಂಚದ ಕೆಳಗೆ ತಳ್ಳಿದ್ದೆ. ಈಗ ಅದರಲ್ಲಿದ್ದ ಬಟ್ಟೆಗಳು ಮತ್ತೆ ಬೀರು ಸೇರಿವೆ. ಏನಾಯಿತೆಂದು ಹೇಳುತ್ತೇನೆ, ಕೂತುಕೊಂಡು ಓದು. ನಿನಗೆ ನಗು ಬಂದರೆ ನಗು, ಇಲ್ಲಿ ಎಲ್ಲರೂ ನಕ್ಕಾಯಿತು.

ಹೋದ ವಾರದ ಬುಧವಾರ ಬೆಳಿಗ್ಗೆ ನಾನು ಸಾರು ಕದಡುತ್ತಿದ್ದೆ. ಶೆಡ್ಡಿನಿಂದ ಹೆಂಗಸಿನ ನಗು ಕೇಳಿಸಿತು. ಅವಳದೇ ನಗು. ನನ್ನ ಮನೆಯಲ್ಲಿ, ನಾನಿರುವಾಗಲೇ! ಒಲೆ ಆರಿಸಿದೆನೋ ಇಲ್ಲವೋ ಗೊತ್ತಿಲ್ಲ, ಸೌಟು ಹಿಡಿದ ಕೈಯಲ್ಲೇ ಹಿತ್ತಲಿಗೆ ನುಗ್ಗಿದೆ. ಬಾಗಿಲು ತೆರೆದಿತ್ತು. ಆ ಹಾರ್ಡ್‌ವೇರ್ ಅಂಗಡಿಯವಳು ಬೆಂಚಿನ ಮುಂದೆ ನಿಂತು ಎಡಗೈಯಲ್ಲಿ ಗರಗಸ ಎಳೆದು ತೋರಿಸುತ್ತಿದ್ದಳು. ಇವರು ಪಕ್ಕದಲ್ಲಿ ಕೈಕಟ್ಟಿಕೊಂಡು ಪಾಠ ಕೇಳುವ ಮಗುವಿನಂತೆ ನಿಂತಿದ್ದರು.

ಆಮೇಲೆ ನನ್ನ ಬಾಯಿಂದ ಏನೇನು ಬಂತು ಅನ್ನುವುದನ್ನು ಕಾಗದದಲ್ಲಿ ಬರೆಯಲಾಗುವುದಿಲ್ಲ. "ನಾನೇನು ಸತ್ತುಹೋಗಿದೀನಾ? ಈ ಬೆಂಚು, ಈ ಕನ್ನಡಕ, ಈ ರಬ್ಬರ್, ಎಲ್ಲಾ ಇವಳಿಗೇನ್ರೀ? ಹಿಮ್ಮಡಿ ಇವಳಿಗೊಬ್ಬಳಿಗೇ ಇರೋದಾ?" ಎಂದು ಸೌಟನ್ನು ಅವರಿಬ್ಬರ ಮುಖದ ಮುಂದೆ ಆಡಿಸುತ್ತಾ ಕೂಗಾಡಿದೆ. ಸಾರು ಬೆಂಚಿನ ಮೇಲೆಲ್ಲ ಚಿಮ್ಮಿತು. ಇವರು ಒಂದು ಹೆಜ್ಜೆ ಹಿಂದೆ ಸರಿದರು.

ಅವಳು ಮಾತ್ರ ಮೊದಲು ಬೆಪ್ಪಾಗಿ ನೋಡಿದಳು, ಆಮೇಲೆ ಕಿಸಕ್ಕನೆ ನಕ್ಕಳು.

"ನಗ್ತೀಯೇನೆ ನಾಚಿಕೆಗೆಟ್ಟವಳೇ!"

"ಅಮ್ಮ, ಈ ಬೆಂಚು ನನಗೆಲ್ಲಿ ಆಗುತ್ತೆ? ಕಾಲ ಕೆಳಗೆ ನೋಡಿ" ಎಂದಳು. ನೋಡಿದರೆ ಹಲಗೆಯ ಮೇಲೆ ನಿಂತಿದ್ದಾಳೆ. "ಮತ್ತೆ ಸೌಟು ಯಾವ ಕೈಯಲ್ಲಿದೆ, ಸ್ವಲ್ಪ ಅದನ್ನೂ ನೋಡ್ಕೊಳ್ಳಿ."

ನೋಡಿಕೊಂಡೆ. ಸೌಟು ಎಡಗೈಯಲ್ಲಿತ್ತು.

ಅಕ್ಕ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಎಂದು ಗಾದೆ ಕೇಳಿದ್ದೆ, ಆ ಪುಣ್ಯಾತ್ಗಿತ್ತಿ ನಾನೇ. ಎಡಚಿಯನ್ನು ಹುಡುಕುತ್ತಾ ಬೀದಿ ಬೀದಿ ಅಲೆದೆ, ಬೀಗದ ಕೈ ಎಸೆದೆ, ನನ್ನದೇ ಕೈಯನ್ನು ಒಮ್ಮೆಯೂ ನೋಡಿಕೊಳ್ಳಲಿಲ್ಲ. ನಾನು ಎಡಚಿ ಎಂಬುದು ನನಗೇ ಮರೆತುಹೋಗಿತ್ತು. ಬಲಗೈಯಲ್ಲಿ ಉಂಡು, ಬಲಗೈಯಲ್ಲಿ ಬರೆದು, ಅದು ಇನ್ಯಾವುದೋ ಹುಡುಗಿಯ ವಿಷಯವೆಂಬಂತೆ ಆಗಿಹೋಗಿತ್ತು.

ಇವರು ನನ್ನ ಕೈಯಿಂದ ಸೌಟು ತೆಗೆದು ಪಕ್ಕಕ್ಕಿಟ್ಟರು. "ಬಾ, ಇಲ್ಲಿ ನಿಂತ್ಕೋ. ಕೈ ಇಳಿಬಿಡು" ಎಂದರು. ಇಳಿಬಿಟ್ಟೆ. ಬೆಂಚು ಸರಿಯಾಗಿ ನನ್ನ ಮಣಿಕಟ್ಟಿಗೆ ಬಂತು. ಹಾರ್ಡ್‌ವೇರಿನವಳು "ನಾನು ಬರ್ತೀನಿ ಅಣ್ಣ" ಎಂದು ಮೆಲ್ಲಗೆ ಜಾರಿಕೊಂಡಳು. ಎಡಗೈಯವರಿಗೆ ಏನು ಎಲ್ಲಿರಬೇಕು ಎಂದು ಇವರು ದಿನವೂ ಹೋಗಿ ಕೇಳುತ್ತಿದ್ದುದು ಅವಳನ್ನೇ ಅಂತೆ.

"ನಾನು ಎಡಚಿ ಅಂತ ನಿಮಗೆ ಯಾರು ಹೇಳಿದ್ದು?" ಎಂದೆ. ನನ್ನ ಅನುಮಾನ ಸುಲಭಕ್ಕೆ ಸಾಯುವಂಥದ್ದಲ್ಲ.

"ಯಾರು ಹೇಳ್ಬೇಕು? ಮದುವೆ ಆದ ವರ್ಷಾನೇ ನೋಡಿದೀನಿ. ನಾ ನೋಡ್ತಿದೀನಿ ಅಂತ ಗೊತ್ತಾದ್ರೆ ಚಾಕು ಬಲಗೈಲಿ. ಬೆನ್ನು ತಿರುಗಿಸಿದ್ರೆ ಎಡಗೈಗೆ ಹೋಗುತ್ತೆ. ಸಿಟ್ಟು ಬಂದಾಗಂತೂ ಕೇಳೋದೇ ಬೇಡ."

"ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ರೀ?"

"ಬಿಟ್ಟಿದ್ರೆ ಆ ಕೈನ ಮತ್ತೆ ಬಚ್ಚಿಡ್ತಿದ್ದೆ" ಎಂದರು.

ನಾನು ಒಂದು ತಿಂಗಳಿಂದ ಇವರ ಮೇಲೆ ಕಣ್ಣಿಟ್ಟಿದ್ದೆ. ಇವರು ಸಂಸಾರ ಪೂರ್ತಿ ನನ್ನ ಮೇಲೆ ಕಣ್ಣಿಟ್ಟಿದ್ದಾರೆ, ಅದೂ ಇಷ್ಟು ಪ್ರೀತಿಯಿಂದ! ಯಾರ ಮನೆಗೆ ಹೋದರೂ ನಾನು ಬಾಗಿಲ ಚೌಕಟ್ಟಿನ ಮೂಲೆ ಸವರಿ ಜೋಡಣೆ ಸರಿಯಿದೆಯೇ ಎಂದು ನೋಡುತ್ತೇನಂತೆ. "ಮರ ಆಗಲ್ಲ ಅನ್ನೋರು ಹಾಗೆ ಸವರಲ್ಲ ಕಣೆ. ಮರ ನಿನಗೆ ಗೊತ್ತು. ನನಗೆ ಗೊತ್ತಿರೋದು ಯಾರ ಬೆರಳೂ ಹೋಗದ ಹಾಗೆ ನೋಡ್ಕೊಳ್ಳೋದು. ನನ್ನ ಕೈಲಾಗಿದ್ದು ಅಷ್ಟು ಮಾಡಿದೀನಿ" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ಖುಷಿಗೋ ಸಂಕಟಕ್ಕೋ ಹೇಳಲಾರೆ, ಎರಡೂ ಒಟ್ಟಿಗೇ ಬಂದವು. ಎಡಗೈಯವಳು ಗರಗಸ ಮುಟ್ಟಿದರೆ ಬೆರಳು ಹೋಗುತ್ತದೆ ಎಂದು ತಾನೆ ಅಪ್ಪ ನನ್ನನ್ನು ಅಂಗಡಿಯಿಂದ ಹೊರಗೆ ಹಾಕಿದ್ದು? ಸಂಬಳದ ಕೆಲಸಗಾರನಿಗೆ ಬೆಂಚನ್ನು ತಿರುಗಿಸಿದ ಅಪ್ಪ, ಮಗಳಿಗೆ ಬಂದಾಗ ಎಡಗೈ ಕಟ್ಟಿಸಿ ಕೈಯನ್ನೇ ತಿರುಗಿಸಿದ. ಆಗ ಅನ್ನಿಸದ ಸಿಟ್ಟು ಈಗ ಬಂತು. ಬೈಯೋಣವೆಂದರೆ ಅಪ್ಪನೇ ಇಲ್ಲ.

ಇವರು ಒಂದು ಹಲಗೆಯನ್ನು ವೈಸಿಗೆ ಸಿಕ್ಕಿಸಿ, ಉಜ್ಜುಗೊರಡನ್ನು ನನ್ನ ಮುಂದಿಟ್ಟು, ಮೊದಲು ಕನ್ನಡಕ ಹಾಕಿಸಿದರು. ಕಿವಿಗೆ ಮುಚ್ಚಳವನ್ನೂ ಹಾಕಲು ಬಂದರು. "ರೀ, ಇದಕ್ಕೆ ಯಂತ್ರ ಇಲ್ಲ, ಕೈಯಲ್ಲಿ ಉಜ್ಜೋದು" ಎಂದು ಗದರಿದೆ. ಎಡಗೈ ಹಿಂದಿನ ಹಿಡಿಗೆ, ಬಲಗೈ ಮುಂದಕ್ಕೆ, ತಾವಾಗಿ ಹೋಗಿ ಕೂತವು. ಮೊದಲು ಎರಡು ಸಲ ಎಡವಿತು. ಮೂರನೆಯ ಸಲ ಮರದ ಸಿಪ್ಪೆ ಈರುಳ್ಳಿ ಪೊರೆಯಷ್ಟು ತೆಳ್ಳಗೆ ಸುರುಳಿ ಸುರುಳಿಯಾಗಿ ಎದ್ದಿತು. ಸೀನು ಬರಲಿಲ್ಲ. ಯಾವತ್ತೂ ಬರುತ್ತಿರಲಿಲ್ಲ ಅಕ್ಕ, ಅದು ನಾನು ಹೇಳಿಕೊಂಡು ಬಂದ ಸುಳ್ಳು. ಅಂದು ಮಧ್ಯಾಹ್ನ ಸೀದುಹೋದ ಸಾರನ್ನೇ ಇಬ್ಬರೂ ಉಂಡೆವು.

ಈಗ ದಿನವೂ ಬೆಳಿಗ್ಗೆ ಕೆಲಸ ಮುಗಿಸಿ ಶೆಡ್ಡಿಗೆ ಹೋಗುತ್ತೇನೆ. ಮೊದಲಿಗೆ ಒಂದು ಸ್ಟೂಲು ಮಾಡುತ್ತಿದ್ದೇನೆ, ಮೂರು ಕಾಲು ಆಗಿದೆ. ಇವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು "ಬೆರಳು, ಬೆರಳು" ಅನ್ನುತ್ತಾ ಇರುತ್ತಾರೆ. ನಿನ್ನೆ ಕುರ್ಚಿ ಸಮೇತ ಹೊರಗೆ ಹಾಕಿ ಚಿಲಕ ಹಾಕಿಕೊಂಡೆ. ಆ ಹಾರ್ಡ್‌ವೇರಿನವಳಿಗೆ ಕ್ಷಮೆ ಕೇಳಿ ಬಂದೆ, ಒಳ್ಳೆಯ ಹೆಂಗಸು. ಆದರೂ ಇವರನ್ನು ನೋಡಿದರೆ ಅಷ್ಟೊಂದು ನಗುವುದು ಯಾಕೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ, ಒಂದು ಕಣ್ಣಿಟ್ಟಿರುತ್ತೇನೆ.

ಮಾಳಿಗೆಯ ಕೋಣೆಗೆ ನಾನು ಬರುವುದಿಲ್ಲ. ಗುಡಿಸಿದ್ದು ವ್ಯರ್ಥವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಭಾವನಿಗೆ ನಮಸ್ಕಾರ ಹೇಳು, ಎಣ್ಣೆ ಹಚ್ಚಿಸಿಕೊಳ್ಳದಿದ್ದರೆ ನಾನೇ ಬಂದು ಹಚ್ಚುತ್ತೇನೆಂದು ಹೆದರಿಸು. ಮೊಮ್ಮಕ್ಕಳು ನೂರ್ಕಾಲ ಚೆನ್ನಾಗಿರಲಿ, ಯಾವ ಕೈಯಲ್ಲಿ ಉಣ್ಣುತ್ತವೋ ಆ ಕೈಯಲ್ಲೇ ಉಣ್ಣಲಿ.

ನಿನ್ನ ತಂಗಿ,
ಕೆಂಪಿರುವೆ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಎಡಗೈಯಲ್ಲಿ ನಿನಗೆ ನಾಲ್ಕು ಸಾಲು ಬರೆಯೋಣವೆಂದು ಕೂತೆ. ನಿನ್ನ ಹೆಸರು ಕೂಡ ಮೂಡಲಿಲ್ಲ. ಉಜ್ಜುಗೊರಡು ಮರೆತಿರಲಿಲ್ಲ, ಅಕ್ಷರ ಮಾತ್ರ ಬಲಗೈಯದೇ ಆಗಿಹೋಗಿದೆ. ಆ ಎಡಗೈಯನ್ನು ಅಪ್ಪ ತಾನೇ ಕಟ್ಟಲಿಲ್ಲ, ಅಕ್ಕ. ಕಟ್ಟುತ್ತಿದ್ದದ್ದು ನೀನು. ಊಟಕ್ಕೆ ಕೂರುವ ಮೊದಲು, ಅಮ್ಮನ ಹಳೆ ಬಟ್ಟೆಯ ಚೂರಿನಲ್ಲಿ, ಬೆನ್ನ ಹಿಂದೆ. ಬಲಗೈ ರೂಢಿಯಾಗಲಿ ಕಟ್ಟು ಎಂದು ಅಪ್ಪ ಹೇಳಿದ, ನೀನೂ ಚಿಕ್ಕವಳು, ಮಾಡಿದೆ. ಅದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಊಟವಾದ ಮೇಲೆ ನಾನು ಬಿಚ್ಚೇ ಅಂದರೆ, "ಅಪ್ಪ ಬಿಚ್ಚಬೇಡ ಅಂದಿದ್ದಾನೆ" ಅನ್ನುತ್ತಿದ್ದೆ ನೀನು. ಮಲಗುವವರೆಗೂ ನಾನು ಹಾಗೇ ಇರುತ್ತಿದ್ದೆ. ಬೆರಳು ಮರಗಟ್ಟುತ್ತಿತ್ತು, ನೀನು ಪಕ್ಕದಲ್ಲೇ ಆಡಿಕೊಂಡಿರುತ್ತಿದ್ದೆ. "ಉಂಡ ತಕ್ಷಣ ಬಿಚ್ಚಿಬಿಡು, ಮಗೂಗೆ ನೋಯುತ್ತೆ" ಎಂದು ಅಪ್ಪ ನಿನಗೆ ಹೇಳಿದ್ದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದೆ. ಅಂದಿನಿಂದ ಯಾರು ಏನು ಹೇಳಿದರೂ ಅದರ ಹಿಂದೆ ಇನ್ನೊಂದಿದೆ ಎಂದುಕೊಂಡೇ ಬಾಳಿದ್ದೇನೆ. ಇವರನ್ನು ಅನುಮಾನಿಸಿದೆ, ಮಗಳನ್ನು ಅನುಮಾನಿಸಿದೆ, ಬೀದಿಯವರನ್ನೆಲ್ಲ ಅನುಮಾನಿಸಿದೆ. ನಿನ್ನನ್ನು ಮಾತ್ರ ಒಂದು ದಿನವೂ ಅನುಮಾನಿಸಲಿಲ್ಲ. ನಿನ್ನ ವಿಷಯದಲ್ಲಿ ನನಗೆ ಅನುಮಾನವಿರಲಿಲ್ಲ, ಗೊತ್ತಿತ್ತು. ಯಾಕೆ ಬಿಚ್ಚಲಿಲ್ಲ ಎಂಬುದೊಂದೇ ಗೊತ್ತಿಲ್ಲ. ಬರೆ.